ಕಂಕುಳಿನ ಕೂಸು ಮತ್ತು ಕೂಸಿನ ಮನೆ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆಂದು, ನಾನು ಮೊಟ್ಟಮೊದಲು ಉಪಾಧ್ಯಾಯನಾಗಿ ಸೇರಿದ ಹಳ್ಳಿಗೆ ಹೋಗಿದ್ದೆ. ಗ್ರಾಮ ಪಂಚಾಯಿತಿ ಕಚೇರಿಯ ಪಕ್ಕದಲ್ಲಿದ್ದ ಹಳೆಯ ಕಟ್ಟಡಕ್ಕೆ ಹೊಸ ಬಣ್ಣ ಬಳಿದಿದ್ದರು. ಗೋಡೆಯ ಮೇಲೆ ಆನೆ, ನವಿಲು, ಚೆಂಡು. ಬಾಗಿಲ ಮೇಲೆ 'ಕೂಸಿನ ಮನೆ' ಎಂಬ ಫಲಕ. ಊಟ ಮುಗಿಸಿ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ ಮಾತು ಅದರತ್ತ ತಿರುಗಿತು. ನನಗಿಂತಲೂ ಹಿರಿಯರಾದ ಒಬ್ಬರು, "ಹೆತ್ತವಳು ಇರುವಾಗ ಕೂಸಿಗೆ ಇನ್ನೊಂದು ಮನೆ ಯಾಕೆ ಮೇಷ್ಟ್ರೇ? ಇದು ಪೇಟೆಯವರ ಚಾಳಿ. ನಾವೆಲ್ಲ ಬೆಳೆಯಲಿಲ್ಲವೇ?" ಎಂದರು. ಸುತ್ತ ಕುಳಿತವರು ತಲೆದೂಗಿದರು. ಮದುವೆಯ ಮನೆಯಲ್ಲಿ ವಾದ ಬೇಡವೆಂದು ನಾನು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನೊಡನೆ ಊರಿಗೆ ಬಂತು. ಅದಕ್ಕೆ ಉತ್ತರ ಹೇಳಬೇಕಾದರೆ ನಾನು ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

1974ನೆಯ ಇಸವಿ. ನಾನಾಗ ಇಪ್ಪತ್ತೈದರ ತರುಣ. ಶಿಸ್ತೇ ಶಿಕ್ಷಣವೆಂದು ನಂಬಿದ್ದವನು. ಬಯಲುಸೀಮೆಯ ಆ ಹಳ್ಳಿಯಲ್ಲಿ ಒಂದೇ ಕೋಣೆಯ ಶಾಲೆ. ನಾಲ್ಕು ತರಗತಿಗಳಿಗೆ ಇಬ್ಬರು ಉಪಾಧ್ಯಾಯರು. ಮೂರನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹೆಸರು ಬೇಡ. ಮಗ್ಗಿಯನ್ನು ಹತ್ತೊಂಬತ್ತರವರೆಗೆ ತಡವರಿಸದೆ ಹೇಳುತ್ತಿದ್ದವಳು ಇಡೀ ಶಾಲೆಯಲ್ಲಿ ಅವಳೊಬ್ಬಳೇ. ಆ ವರ್ಷ ದಸರಾ ರಜೆ ಮುಗಿದ ಮೇಲೆ ಅವಳು ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬರತೊಡಗಿದಳು. ಕೂಸಿಗೆ ಎಂಟೊಂಬತ್ತು ತಿಂಗಳಿರಬಹುದು. ತಾಯಿ ಕಡಲೆಕಾಯಿ ಕೀಳುವ ಕೂಲಿಗೆ ಹೋಗುತ್ತಿದ್ದಳು. ಕೂಸು ಅಳುತ್ತಿತ್ತು, ಒದ್ದೆ ಮಾಡುತ್ತಿತ್ತು, ಪಕ್ಕದವರ ಬಳಪ ಬಾಯಿಗೆ ಹಾಕಿಕೊಳ್ಳುತ್ತಿತ್ತು. ನಾಲ್ಕು ದಿನ ನೋಡಿದೆ. ಐದನೆಯ ದಿನ, "ಇದು ಶಾಲೆ, ತೊಟ್ಟಿಲು ಕಟ್ಟುವ ಜಾಗವಲ್ಲ. ಕೂಸನ್ನು ಬಿಟ್ಟು ಬರುವುದಾದರೆ ಬಾ, ಇಲ್ಲವಾದರೆ ಬರಬೇಡ" ಎಂದೆ.

ಅವಳು ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನು ಗೈರುಹಾಜರಿಯ ಗುರುತನ್ನು ಹಾಕುತ್ತ ಹೋದೆ. ನಿಯಮದ ಪ್ರಕಾರ ಕೆಲವು ವಾರಗಳ ಬಳಿಕ ಹೆಸರನ್ನು ಹೊಡೆದುಹಾಕಿದೆ. ಸಂಜೆ ಕೆರೆಯ ಏರಿಯ ಮೇಲೆ ತಿರುಗಾಡಲು ಹೋದಾಗ ಒಮ್ಮೆ ಅವಳನ್ನು ಕಂಡೆ. ಹುಣಸೆಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ತೂಗುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದಳು. ಆ ಮಗು ನನ್ನ ಮೇಲೆ ಕೋಪಿಸಿಕೊಂಡಿದ್ದರೂ ಒಳ್ಳೆಯದಿತ್ತು.

ಮೂವತ್ತು ವರ್ಷಗಳಿಗೂ ಮಿಕ್ಕ ನನ್ನ ಸೇವೆಯಲ್ಲಿ ಇಂತಹ ಹುಡುಗಿಯರನ್ನು ಎಷ್ಟೋ ಕಂಡೆ. ಹಾಜರಾತಿ ಏಕೆ ಕಡಿಮೆ ಎಂದು ಮೇಲಿನವರು ಕೇಳಿದಾಗ 'ಪೋಷಕರ ನಿರಾಸಕ್ತಿ' ಎಂದು ಬರೆದು ಕಳಿಸುತ್ತಿದ್ದೆವು. ನಿಜವಾದ ಕಾರಣ ಬಹುಪಾಲು ಕಂಕುಳಲ್ಲಿ ಇರುತ್ತಿತ್ತು. ಅದನ್ನು ಬರೆಯಲು ನಮೂನೆಯಲ್ಲಿ ಅಂಕಣವೇ ಇರಲಿಲ್ಲ.

ಈಗ ಜಗಲಿಯ ಹಿರಿಯರ ಪ್ರಶ್ನೆಗೆ ಬರೋಣ. ಅವರು ತಾಯಿಯ ಮಡಿಲನ್ನು ಒಂದು ತಟ್ಟೆಯಲ್ಲಿ, ಶಿಶುಪಾಲನಾ ಕೇಂದ್ರವನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿದರು. ಹಾಗೆ ತೂಗಿದರೆ ಮಡಿಲೇ ಭಾರವೆಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಕೂಲಿಗೆ ಹೋಗುವ ತಾಯಿಯ ಮನೆಯಲ್ಲಿ ಆ ಮಡಿಲು ಹಗಲಿನಲ್ಲಿ ಇರುವುದೇ ಇಲ್ಲ. ಅಲ್ಲಿ ಇರುವುದು ಹೊಲದ ಬದುವಿನ ಜೋಲಿ, ಕಣ್ಣು ಮಸುಕಾದ ಅಜ್ಜಿ, ಅಥವಾ ಎಂಟು ವರ್ಷದ ಅಕ್ಕ. ಕೂಸಿನ ಮನೆಯನ್ನು ಹೋಲಿಸಬೇಕಾದುದು ಇವುಗಳೊಂದಿಗೆ. ನಾವು ಬೆಳೆಯಲಿಲ್ಲವೇ ಎಂದು ಕೇಳುವವರು ಬೆಳೆದವರು. ಬೆಳೆಯದೆ ಹೋದ ಕೂಸುಗಳು ಜಗಲಿಯ ಮೇಲೆ ಕುಳಿತು ಮಾತನಾಡಲು ಬರುವುದಿಲ್ಲ.

ಹಿಂದೆ ಅವಿಭಕ್ತ ಕುಟುಂಬವಿತ್ತು, ಹತ್ತು ಕೈಗಳಲ್ಲಿ ಕೂಸು ಬೆಳೆಯುತ್ತಿತ್ತು ಎನ್ನುತ್ತಾರೆ. ಉಳ್ಳವರ ತೊಟ್ಟಿಮನೆಗಳಲ್ಲಿ ಅದು ನಿಜ. ಕೂಲಿಯವರ ಮನೆಗಳಲ್ಲಿ ಆ ಹತ್ತು ಕೈಗಳೂ ಹೊಲದಲ್ಲಿಯೇ ಇರುತ್ತಿದ್ದವು.

ಕೂಸಿನ ಬೆಳವಣಿಗೆಯ ವಿಚಾರದಲ್ಲಿ ಮೊದಲ ಮಾತು ಹೊಟ್ಟೆಯದು. ಆರು ತಿಂಗಳವರೆಗೆ ಎದೆಹಾಲು ಸಾಕು. ಆ ಬಳಿಕ ಎದೆಹಾಲಿನೊಡನೆ ಮೆತ್ತನೆಯ ಆಹಾರವೂ ಬೇಕು. ಆರರಿಂದ ಎಂಟು ತಿಂಗಳ ಕೂಸಿಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳ ನಂತರ ಮೂರು ನಾಲ್ಕು ಸಲ, ನಡುವೆ ಬಾಯಾಡಿಸಲು ಏನಾದರೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರಣ ಸರಳ. ಕೂಸಿನ ಹೊಟ್ಟೆ ಚಿಕ್ಕದು. ಒಮ್ಮೆಗೆ ಹಿಡಿಯುವುದು ಕಡಿಮೆ. ಬೆಳಗ್ಗೆ ಏಳಕ್ಕೆ ಹೊರಟು ಸಂಜೆ ಐದಕ್ಕೆ ಬರುವ ತಾಯಿ, ಮನೆಯಲ್ಲಿ ಎಷ್ಟೇ ರಾಗಿ ಇದ್ದರೂ, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಉಣಿಸುವುದು ಹೇಗೆ? ಎಂಟು ವರ್ಷದ ಅಕ್ಕ ಒಂದು ಬಿಸ್ಕತ್ತನ್ನು ಕೈಗಿಟ್ಟು ಸುಮ್ಮನಾಗಿಸುತ್ತಾಳೆ. ಅದು ಅವಳ ತಪ್ಪಲ್ಲ.

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನೂರಕ್ಕೆ ಮೂವತ್ತೈದು! ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 36.2 ಇತ್ತು. ಅಷ್ಟು ವರ್ಷಗಳಲ್ಲಿ ಇಳಿದದ್ದು ಒಂದಂಶವೂ ಇಲ್ಲ. ಈ ಗಿಡ್ಡತನ ಶಾಲೆಗೆ ಬಂದ ಮೇಲೆ ಆಗುವುದಲ್ಲ. ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲಿಯೇ ಆಗಿಹೋಗಿರುತ್ತದೆ. ನಾವು ಆರನೆಯ ವರ್ಷದಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುತ್ತೇವೆ. ಒಳ್ಳೆಯದೇ. ಆದರೆ ಅಡಿಪಾಯ ಒಣಗಿದ ಮೇಲೆ ನೀರು ಹಾಕಿದಂತೆ.

ಎರಡನೆಯದು ಮಾತು ಮತ್ತು ಆಟ. ಆರು ವರ್ಷ ತುಂಬುವುದರೊಳಗೆ ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ನಡೆದುಹೋಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೇ ಬರೆದಿದ್ದಾರೆ. ಮೆದುಳು ಬೆಳೆಯುವುದು ಅನ್ನದಿಂದ ಮಾತ್ರವಲ್ಲ. ಕೂಸು 'ಊಂ' ಎಂದರೆ ಯಾರಾದರೂ 'ಏನಮ್ಮಾ' ಎನ್ನಬೇಕು. ಕೂಸು ಬೆರಳು ತೋರಿದರೆ 'ಅದು ಕಾಗೆ' ಎನ್ನಬೇಕು. ಜೋಲಿಯಲ್ಲಿ ಹಗಲೆಲ್ಲ ಮಲಗಿ ಎಲೆಗಳನ್ನಷ್ಟೇ ನೋಡುವ ಕೂಸಿಗೆ ಉತ್ತರ ಕೊಡುವವರು ಯಾರು? ಒಂದನೆಯ ತರಗತಿಗೆ ಬಂದ ಮಕ್ಕಳಲ್ಲಿ ಕೆಲವರು ಮೊದಲ ದಿನವೇ ನನ್ನ ಜೇಬಿನ ಪೆನ್ನು ಯಾವ ಬಣ್ಣದ್ದೆಂದು ಹೇಳುತ್ತಿದ್ದರು. ಕೆಲವರು ಮೂರು ತಿಂಗಳಾದರೂ ಬಾಯಿ ಬಿಡುತ್ತಿರಲಿಲ್ಲ. ಅವರನ್ನು ನಾವು 'ಮಂದ' ಎಂದು ಕರೆದೆವು. ಮಂದರಾಗಿದ್ದವರು ಅವರಲ್ಲ, ಅವರ ಮಾತಿಗೆ ಮರುಮಾತು ಕೊಡದಿದ್ದ ಲೋಕ.

ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ಮಾಡಿದರು. ಬೆಳವಣಿಗೆ ಕುಂಠಿತವಾದ, 9ರಿಂದ 24 ತಿಂಗಳ 129 ಮಕ್ಕಳು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳ ಕಾಲ ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ, ಮನೆಯಲ್ಲಿಯೇ ಮಾಡಬಹುದಾದ ಆಟಿಕೆಗಳಿಂದ ಹೇಗೆ ಆಡಿಸಬೇಕು, ಹೇಗೆ ಮಾತನಾಡಿಸಬೇಕು ಎಂದು ತಾಯಂದಿರಿಗೆ ತೋರಿಸಿದರು. ಅಷ್ಟೇ. ಇಪ್ಪತ್ತು ವರ್ಷಗಳ ತರುವಾಯ ಹುಡುಕಿ ನೋಡಿದಾಗ, ಹಾಗೆ ಆಡಿಸಿಕೊಂಡು ಬೆಳೆದವರು ಉಳಿದವರಿಗಿಂತ ಶೇ. 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರೆಂದು 2014ರಲ್ಲಿ ಪ್ರಕಟವಾಯಿತು. ಅದು ಶಿಶುಪಾಲನಾ ಕೇಂದ್ರವಲ್ಲ, ನಿಜ. ಆದರೆ ತೆಂಗಿನ ಚಿಪ್ಪು, ಬೆಂಡಿನ ಗಿಲಕಿ, ಬಟ್ಟೆಯ ಗೊಂಬೆ ಮತ್ತು ಮನಸ್ಸಿಟ್ಟು ಆಡಿಸುವ ಒಬ್ಬ ಹೆಂಗಸು ಏನು ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇದು ಪೇಟೆಯವರ ಚಾಳಿ ಎಂಬ ಮಾತಿಗೂ ಉತ್ತರ ಹೇಳಬೇಕು. ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಅವರು, ತಮ್ಮ ಶಿಷ್ಯೆ ಅನುತಾಯಿ ವಾಘ್ ಅವರೊಡನೆ, 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡ ಮಕ್ಕಳ ಶಿಕ್ಷಣದ ಕೆಲಸ ಆರಂಭಿಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದರು. 'ಅಂಗನವಾಡಿ' ಎಂಬ ಕಲ್ಪನೆ ಹುಟ್ಟಿದ್ದು ಹಾಗೆ. ಮುಂದೆ ಕೋಸಬಾಡದ ಗುಡ್ಡದ ಮೇಲೆ ಆದಿವಾಸಿ ಮಕ್ಕಳಿಗಾಗಿ ಶಿಶುಗೃಹ, ಬಾಲವಾಡಿ ಮತ್ತು ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ನಡೆಸಿದರು. ಅಕ್ಕ ಓದುತ್ತಿರುವಾಗ ತಮ್ಮ ಪಕ್ಕದ ಕೋಣೆಯಲ್ಲಿ ಆಡುತ್ತಿರುತ್ತಾನೆ! ನಾನು ಆ ಹುಡುಗಿಯನ್ನು ಶಾಲೆಯಿಂದ ಹೊರಗೆ ಕಳಿಸುವುದಕ್ಕೂ ಮೊದಲೇ, ನನ್ನಂತಹ ಮೇಷ್ಟ್ರಿಗೆ ಉತ್ತರವನ್ನು ಅವರು ಬರೆದಿಟ್ಟಿದ್ದರು. ನಾನು ಓದಿರಲಿಲ್ಲ.

1969ರಲ್ಲಿ ದೆಹಲಿಯಲ್ಲಿ ಗಾಂಧಿ ಜನ್ಮ ಶತಾಬ್ದಿಯ ಕಟ್ಟಡಗಳು ಏಳುತ್ತಿದ್ದಾಗ, ಮಣ್ಣು ಹೊರುವ ತಾಯಂದಿರ ಕೂಸುಗಳು ಬಿಸಿಲಿನಲ್ಲಿ ಬಿದ್ದಿದ್ದುದನ್ನು ಕಂಡು ಮೀರಾ ಮಹಾದೇವನ್ ಅವರು 'ಮೊಬೈಲ್ ಕ್ರೆಷಸ್' ಸಂಸ್ಥೆಯನ್ನು ಕಟ್ಟಿದರು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯು, 50 ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟಗಳಲ್ಲಿ ಶಿಶುಗೃಹ ಇರಬೇಕೆಂದು ವಿಧಿಸಿತ್ತು. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಅದು ಅನ್ವಯಿಸುತ್ತಿತ್ತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಕೂಲಿ ಕೊಡಬೇಕೆಂದಿತ್ತು. ಕಾಯ್ದೆಗಳಿಗೇನೂ ಕೊರತೆ ಇರಲಿಲ್ಲ. ಕೆರೆ ಹೂಳೆತ್ತುವ ಕಡೆ ಅಂತಹ ಹೆಂಗಸನ್ನು ನಾನಂತೂ ಒಮ್ಮೆಯೂ ಕಾಣಲಿಲ್ಲ. ಜೋಲಿಗಳನ್ನು ಮಾತ್ರ ಕಂಡೆ.

ಅಂಗನವಾಡಿ ಇದೆಯಲ್ಲ ಎಂದು ನೀವು ಕೇಳಬಹುದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲಿಗೆ ಟಿ. ನರಸೀಪುರದಲ್ಲಿ. ಅಂಗನವಾಡಿಯ ಅಕ್ಕಂದಿರು ಮಾಡಿರುವ ಉಪಕಾರವನ್ನು ನಾನು ಕಣ್ಣಾರೆ ಕಂಡವನು. ಆದರೆ ಅಲ್ಲಿ ಕುಳಿತು ಕಲಿಯುವುದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಲಸಿಕೆ, ತೂಕ, ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಕೂಸಿಗೆ ಪೊಟ್ಟಣ ಸಿಗುತ್ತದೆ, ಉಣಿಸುವ ಕೈ ಸಿಗುವುದಿಲ್ಲ. ಆರು ತಿಂಗಳಿಂದ ಮೂರು ವರ್ಷದವರೆಗಿನ ಈ ಬಿರುಕಿನಲ್ಲಿಯೇ ನಮ್ಮ ನೂರಕ್ಕೆ ಮೂವತ್ತೈದು ಮಕ್ಕಳು ಜಾರಿ ಬಿದ್ದಿರುವುದು.

ಈ ಬಿರುಕನ್ನು ಮುಚ್ಚಬಹುದೆಂದು ತೋರಿಸಿದವರಿದ್ದಾರೆ. ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ಗನಿಯಾರಿಯಲ್ಲಿರುವ ಜನ ಸ್ವಾಸ್ಥ್ಯ ಸಹಯೋಗ ಎಂಬ ವೈದ್ಯರ ಸಂಸ್ಥೆ 2006ರಲ್ಲಿ ಕಾಡಂಚಿನ ಹಳ್ಳಿಗಳಲ್ಲಿ 'ಫುಲ್ವಾರಿ'ಗಳನ್ನು ತೆರೆಯಿತು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳು. ನೋಡಿಕೊಳ್ಳುವವಳು ಅದೇ ಕೇರಿಯ ಹೆಂಗಸು. ಊಟಕ್ಕೆ ಖಿಚಡಿ, ಸತ್ತು. ಅದನ್ನು ನೋಡಿ ಆ ರಾಜ್ಯದ ಸರ್ಕಾರವೂ ಅದೇ ಹೆಸರಿನ ಕೇಂದ್ರಗಳನ್ನು ತೆರೆಯಿತು. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ಶಿಶುಗೃಹ, ಮನೆಭೇಟಿ ಮತ್ತು ಮಹಿಳೆಯರ ಸಭೆಗಳನ್ನು ಒಟ್ಟುಗೂಡಿಸಿ ನಡೆಸಿದಾಗ ಚಿಕ್ಕ ಮಕ್ಕಳ ಅಪೌಷ್ಟಿಕತೆ ಇಳಿಯಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ನಮ್ಮ ರಾಜ್ಯ ಸರ್ಕಾರ 2023ರ ಜುಲೈ ತಿಂಗಳ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತು. ಮದುವೆಯ ದಿನ ನಾನು ಕಂಡದ್ದು ಅವುಗಳಲ್ಲಿ ಒಂದು.

ಹಾಗೆಂದು ಫಲಕ ಕಂಡೊಡನೆ ಚಪ್ಪಾಳೆ ತಟ್ಟುವವನು ನಾನಲ್ಲ. ಮದುವೆಯ ಮರುದಿನ ಬೆಳಗ್ಗೆ ಒಳಗೆ ಹೋಗಿ ನೋಡಿದೆ. ಹನ್ನೊಂದು ಮಕ್ಕಳು, ಆ ಹೊತ್ತಿಗೆ ಒಬ್ಬಳೇ ಆರೈಕೆದಾರಳು. ನೆಲ ಸ್ವಚ್ಛವಾಗಿತ್ತು, ಒಲೆಯ ಮೇಲೆ ಗಂಜಿ ಇತ್ತು. ಒಂದೂವರೆ ವರ್ಷದ ಒಂದು ಮಗು ಮಾತ್ರ ಬಾಗಿಲ ಚೌಕಟ್ಟು ಹಿಡಿದು ಬಿಕ್ಕುತ್ತಿತ್ತು. "ತಾಯಿಗಾಗಿ ಅಳುತ್ತಿದೆಯೇ?" ಎಂದೆ. "ಇಲ್ಲ ಸಾರ್, ನನ್ನ ಸರದಿ ಶುರುವಾಗಿ ನಾಲ್ಕು ದಿನವಾಯಿತು. ಇದು ಹಿಂದಿನ ಅಕ್ಕನನ್ನು ಹುಡುಕುತ್ತದೆ" ಎಂದಳು ಆಕೆ. ಉದ್ಯೋಗ ಚೀಟಿಯುಳ್ಳ ಹೆಂಗಸರನ್ನು ಆರಿಸಿ, ತರಬೇತಿ ಕೊಟ್ಟು, ಸರದಿಯ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳುವ ಪದ್ಧತಿಯ ಫಲ ಇದು. ಕೂಲಿಯ ದಿನಗಳನ್ನು ಹತ್ತು ಮನೆಗಳಿಗೆ ಹಂಚುವುದು ರಸ್ತೆ ಕೆಲಸದಲ್ಲಿ ನ್ಯಾಯ. ಮಣ್ಣಿಗೆ ಯಾವ ಕೈ ಅಗೆದರೂ ಒಂದೇ. ಕೂಸಿಗೆ ಹಾಗಲ್ಲ. ಕೂಸು ಒಂದು ಮುಖವನ್ನು ನಂಬಿ, ಆ ನಂಬಿಕೆಯ ಮೇಲೆ ನಿಂತು ಲೋಕವನ್ನು ನೋಡುತ್ತದೆ. ತಿಂಗಳು ತಿಂಗಳಿಗೂ ಆ ಮುಖವನ್ನು ಬದಲಾಯಿಸಿದರೆ ನಾವು ಅದಕ್ಕೆ ಕಲಿಸುವುದು ನಂಬದಿರುವುದನ್ನು.

ಹೊರದೇಶಗಳ ಅನುಭವವೂ ಎಚ್ಚರಿಕೆ ಹೇಳುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1997ರಲ್ಲಿ ದಿನಕ್ಕೆ ಕೇವಲ 5 ಡಾಲರಿಗೆ ಶಿಶುಪಾಲನೆ ಒದಗಿಸಿದರು. ತಾಯಂದಿರು ಹೆಚ್ಚು ಸಂಖ್ಯೆಯಲ್ಲಿ ಕೆಲಸಕ್ಕೆ ಹೋದರು. ಆದರೆ ಮಕ್ಕಳಲ್ಲಿ ಕಳವಳ, ಜಗಳಗಂಟಿತನ ಹೆಚ್ಚಿತೆಂದು ಅಲ್ಲಿನ ಅರ್ಥಶಾಸ್ತ್ರಜ್ಞರು ತೋರಿಸಿದರು. ಬೇಗ ಬೇಗ ತೆರೆದ ಕೇಂದ್ರಗಳಲ್ಲಿ ಗುಣಮಟ್ಟ ಸಾಲದಾಯಿತು ಎಂಬ ಮಾತೂ ಅಲ್ಲಿ ಕೇಳಿಬಂತು. ಹತ್ತು ಮಕ್ಕಳು ಒಂದೆಡೆ ಸೇರಿದರೆ ನೆಗಡಿ, ಭೇದಿ ಹರಡುವುದೂ ನಿಜ. ಕೆಟ್ಟ ಕೂಸಿನ ಮನೆಗಿಂತ ಒಳ್ಳೆಯ ಅಜ್ಜಿಯೇ ಮೇಲು. ಅಂತಹ ಅಜ್ಜಿ ಇರುವ ಮನೆಯ ಕೂಸನ್ನು ಯಾರೂ ಬಲವಂತದಿಂದ ಕೇಂದ್ರಕ್ಕೆ ತರಬೇಕಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಪ್ರತಿ ಹಳ್ಳಿಗೂ ಕೂಸಿನ ಮನೆ ಬೇಕು. ಆದರೆ ಅದು ಕೂಸುಗಳನ್ನು ಕೂಡಿಹಾಕುವ ದೊಡ್ಡಿಯಾಗಬಾರದು. ಆರೈಕೆದಾರಳು ವರ್ಷವಿಡೀ ಅವಳೇ ಇರಬೇಕು. ಅವಳ ಕೆಲಸವನ್ನು ಕೂಲಿಯೆಂದಲ್ಲ, ಉಪಾಧ್ಯಾಯರ ಕೆಲಸಕ್ಕೆ ಸಮನಾದ ಕೆಲಸವೆಂದು ಎಣಿಸಿ ಸಂಬಳ ಕೊಡಬೇಕು. ಒಬ್ಬಳ ಕೈಗೆ ಆರೇಳು ಕೂಸುಗಳಿಗಿಂತ ಹೆಚ್ಚು ಕೊಡಬಾರದು. ತಾಯಿ ನಡುವೆ ಬಂದು ಹಾಲೂಡಿಸಿ ಹೋಗುವಷ್ಟು ಹತ್ತಿರದಲ್ಲಿರಬೇಕು, ಅಥವಾ ಅವಳಿಗೆ ಅಷ್ಟು ಬಿಡುವನ್ನು ಕೊಡಬೇಕು. ಬಾಗಿಲು ತೆರೆಯುವ ಹೊತ್ತು ಕಚೇರಿಯ ಗಡಿಯಾರಕ್ಕಲ್ಲ, ಹೊಲದ ಕೆಲಸದ ಹೊತ್ತಿಗೆ ಹೊಂದಬೇಕು. ಹತ್ತು ಗಂಟೆಗೆ ತೆರೆಯುವ ಕೂಸಿನ ಮನೆಯಿಂದ ಏಳು ಗಂಟೆಗೆ ಹೊರಡುವ ತಾಯಿಗೆ ಏನು ಪ್ರಯೋಜನ? ಸಾಧ್ಯವಾದ ಕಡೆಯಲ್ಲೆಲ್ಲ ಅದು ಶಾಲೆಯ ಆವರಣದಲ್ಲಿಯೇ ಇರಲಿ. ಆಗ ಅಕ್ಕನೂ ಶಾಲೆ ಬಿಡುವುದಿಲ್ಲ.

ಇವೆಲ್ಲಕ್ಕೂ ಹಣ ಬೇಕು. 2005ರ ಉದ್ಯೋಗ ಖಾತರಿ ಕಾಯ್ದೆಯ ಸ್ಥಾನದಲ್ಲಿ ಸಂಸತ್ತು 2025ರ ಡಿಸೆಂಬರಿನಲ್ಲಿ ಬೇರೊಂದು ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆಯ ಹೆಸರು ಬದಲಾಗಬಹುದು, ಲೆಕ್ಕದ ಶೀರ್ಷಿಕೆ ಬದಲಾಗಬಹುದು. ಹೊಲದ ಬದುವಿನ ಕೂಸಿನ ಹಸಿವು ಬದಲಾಗುವುದಿಲ್ಲ. ದುಡ್ಡು ಯಾವ ಚೀಲದಿಂದ ಬರಬೇಕೆಂಬ ಚರ್ಚೆ ಮುಗಿಯುವವರೆಗೆ ಒಂದು ವರ್ಷದ ಕೂಸು ಒಂದು ವರ್ಷದ್ದಾಗಿಯೇ ಉಳಿದಿರುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಪಂಚಾಯಿತಿಗಳಲ್ಲಿ ಸದಸ್ಯರಾಗಿದ್ದೀರಿ; ಕೆಲವರು ಉಪಾಧ್ಯಾಯರಾಗಿದ್ದೀರಿ; ಬೆಂಗಳೂರಿನಲ್ಲಿಯೂ ಅಮೆರಿಕದಲ್ಲಿಯೂ ಇರುವ ಕೆಲವರು ನಿಮ್ಮ ಮಕ್ಕಳಿಗೆ ಒಳ್ಳೆಯ ಶಿಶುಗೃಹ ಹುಡುಕಲು ತಿಂಗಳುಗಟ್ಟಲೆ ಅಲೆದ ಕಥೆಯನ್ನು ನನಗೇ ಹೇಳಿದ್ದೀರಿ. ನೋಡಿಕೊಳ್ಳುವವಳು ಯಾರು, ಎಷ್ಟು ಮಕ್ಕಳು, ಏನು ತಿನ್ನಿಸುತ್ತಾರೆ ಎಂದು ನೀವು ಅಲ್ಲಿ ಕೇಳಿದ ಪ್ರಶ್ನೆಗಳನ್ನೇ, ಮುಂದಿನ ಸಲ ಊರಿಗೆ ಹೋದಾಗ ನಿಮ್ಮೂರಿನ ಕೂಸಿನ ಮನೆಯಲ್ಲಿಯೂ ಕೇಳಿ. ಕೇಳುವವರಿದ್ದರೆ ನಡೆಸುವವರು ಎಚ್ಚರವಾಗಿರುತ್ತಾರೆ. ಊರಿನಲ್ಲಿ ಕೂಸಿನ ಮನೆ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಏಕಿಲ್ಲವೆಂದು ಕೇಳಿ.

ಆ ಹುಡುಗಿಯ ವಿಷಯವನ್ನು ಮದುವೆಯ ಮನೆಯಲ್ಲಿ ವಿಚಾರಿಸಿದೆ. ಬಹಳ ಚಿಕ್ಕ ವಯಸ್ಸಿಗೇ ಮದುವೆ ಮಾಡಿಕೊಟ್ಟರಂತೆ. ತವರಿನವರೂ ಊರು ಬಿಟ್ಟು ಬಹಳ ವರ್ಷಗಳಾದವಂತೆ. ಈಗ ಎಲ್ಲಿದ್ದಾಳೋ ಯಾರಿಗೂ ತಿಳಿಯದು. ಕಂಕುಳಲ್ಲಿದ್ದ ತಮ್ಮ ಏನಾದನೆಂಬುದೂ ತಿಳಿಯಲಿಲ್ಲ. ಅವಳ ಮಕ್ಕಳೋ ಮೊಮ್ಮಕ್ಕಳೋ ಎಂದಾದರೂ ಇದನ್ನು ಓದಿದರೆ, ಹತ್ತೊಂಬತ್ತರ ಮಗ್ಗಿಯನ್ನು ತಡವರಿಸದೆ ಹೇಳುತ್ತಿದ್ದ ನಿಮ್ಮ ಅಜ್ಜಿಯನ್ನು ಶಾಲೆಯಿಂದ ಕಳಿಸಿದವನು ನಾನು, ತಪ್ಪು ಅವಳದಲ್ಲ ಎಂದು ಅವಳಿಗೆ ಹೇಳಿ.